ಗುರುವಾರ ತೇಲಿ ಬಂದವರು

ನಮ್ಮೂರಿನ ಕಡಲಿನಲ್ಲಿ ಮನುಷ್ಯರು ಮುಳುಗುವುದಿಲ್ಲ. ಲಂಗರು ಮುಳುಗುತ್ತದೆ, ಬಲೆಗೆ ಕಟ್ಟಿದ ಸೀಸದ ಗುಂಡು ಮುಳುಗುತ್ತದೆ, ನಾನು ಮದುವೆಯಾದ ವರ್ಷ ಕೈಜಾರಿದ ಕೊಡಪಾನ ಇವತ್ತಿಗೂ ತಳದಲ್ಲೇ ಬಿದ್ದಿದೆ. ಮನುಷ್ಯ ಮಾತ್ರ, ಎಷ್ಟೇ ದಪ್ಪಗಿರಲಿ, ಏನೇ ಪಾಪ ಮಾಡಿರಲಿ, ತೆಂಗಿನಕಾಯಿಯ ಹಾಗೆ ಮೇಲೆ ಬಂದು ತೇಲುತ್ತಾನೆ. ಅಲೆಗಳು ಅವನನ್ನು ನಿಧಾನವಾಗಿ ತಳ್ಳಿಕೊಂಡು ಬಂದು ದಡಕ್ಕೆ ಒಪ್ಪಿಸುತ್ತವೆ. ಇದೆಲ್ಲ ದಡದಿಂದ ಒಂದು ಮೈಲಿ ದೂರದ ಕರಿಬಂಡೆಯವರೆಗೆ ಮಾತ್ರ. ಬಂಡೆಯ ಆಚೆಗಿನದು ಎಲ್ಲ ಊರಿನ ಕಡಲಿನಂಥದೇ ಕಡಲು. ಹಾಗಾಗಿ ನಮ್ಮವರು ಬಂಡೆ ದಾಟುವುದಿಲ್ಲ. ನಮ್ಮಲ್ಲಿ ಒಬ್ಬರಿಗೂ ಈಜು ಬಾರದು; ಕಲಿಯುವ ಅಗತ್ಯವಾದರೂ ಏನಿತ್ತು? ಅಳುವ ಮಗುವನ್ನು ನೀರಿಗೆ ಬಿಟ್ಟು ಅಡುಗೆ ಮುಗಿಸಿಕೊಳ್ಳುವ ಊರು ನಮ್ಮದು.

ನಾನು ಹೇಳುವ ಸಂಗತಿ ನಡೆದಾಗ ಹಡಗು ಬರಲು ಶುರುವಾಗಿ ನಾಲ್ಕು ವರ್ಷ. ಏಳಂತಸ್ತಿನ ಬಿಳಿ ಹಡಗು. ಪ್ರತಿ ಗುರುವಾರ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಬಂಡೆಯ ಈಚೆಯಿಂದಲೇ ಹಾದುಹೋಗುತ್ತಿತ್ತು. ಮೊದಲ ದಿನವೇ ಒಬ್ಬ ಬಿದ್ದ. ನನ್ನ ಮೈದುನ ಶೀನ ದೋಣಿ ತೆಗೆದುಕೊಂಡು ಹತ್ತಿರ ಹೋದರೆ ಆ ಮನುಷ್ಯ ಅಂಗಾತ ಮಲಗಿ ತೇಲುತ್ತಿದ್ದ. ಕೈಯಲ್ಲಿದ್ದ ಗ್ಲಾಸನ್ನು ಬಿಟ್ಟಿರಲಿಲ್ಲ. ಶೀನನನ್ನು ಕಂಡದ್ದೇ ಗ್ಲಾಸನ್ನು ಮುಂದೆ ಚಾಚಿ, "ಸೋಡಾ ಬೇಡ, ಐಸ್ ಮಾತ್ರ" ಎಂದನಂತೆ.

ಆ ಹಡಗಿನಲ್ಲಿ ಏಳು ದಿನಕ್ಕೆ ಒಂದೇ ಸಲ ಹಣ ಕಟ್ಟಿದರೆ ಎಷ್ಟು ಬೇಕಾದರೂ ಕುಡಿಯಬಹುದಿತ್ತು. ಹಾಗೆ ಕಟ್ಟಿದವರ ಮಣಿಕಟ್ಟಿಗೆ ಚಿನ್ನದ ಬಣ್ಣದ ಪಟ್ಟಿ ಸುತ್ತುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಬಾರು ತೆರೆದರೆ ಮಧ್ಯಾಹ್ನದ ಹೊತ್ತಿಗೆ ಪಟ್ಟಿಯವರಲ್ಲಿ ಅರ್ಧ ಜನಕ್ಕೆ ನೆಲ ಯಾವುದು ನೀರು ಯಾವುದು ಎಂದು ತಿಳಿಯುತ್ತಿರಲಿಲ್ಲ. ವಾರಕ್ಕೆ ಏಳೆಂಟು ಮಂದಿ ಬೀಳತೊಡಗಿದರು. ಬಿದ್ದವರಿಗಾಗಿ ಹಡಗು ನಿಲ್ಲುತ್ತಿರಲಿಲ್ಲ, ಅದಕ್ಕೆ ವೇಳಾಪಟ್ಟಿ ಇತ್ತು. ಮುಂದಿನ ಗುರುವಾರ ಹಡಗಿನಿಂದ ಒಂದು ಲಾಂಚು, ಅಂದರೆ ಮೋಟಾರು ದೋಣಿ, ಬಂದು ಅವರನ್ನು ಹತ್ತಿಸಿಕೊಂಡು ಹೋಗುವುದು. ಅಲ್ಲಿಯವರೆಗೆ ಊರು ಸಾಕುವುದು. ಬದಲಿಗೆ ಕಂಪನಿ ಊರಿಗೆಲ್ಲ ಅಕ್ಕಿ, ಮನೆಗಳ ಮಾಡಿಗೆ ಹೊದೆಸಲು ಶೀಟು, ಶಾಲೆಯ ಪಕ್ಕ ಒಂದು ದೊಡ್ಡ ಶೆಡ್ಡು ಕೊಟ್ಟಿತು. ಮಹಿಳಾ ಮಂಡಳಿಯ ಅಧ್ಯಕ್ಷೆಯೆಂದು ನಾನು ಪ್ರತಿವಾರ ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. 'ಇಂತಿಷ್ಟು ಅತಿಥಿಗಳು ಸುರಕ್ಷಿತವಾಗಿ ದಡ ತಲುಪಿದ್ದಾರೆ. ಗುಲಾಬಿ, ಅಧ್ಯಕ್ಷೆ.' ಲಾಂಚಿನಲ್ಲಿ ಆ ಕಾಗದ ಹಿಡಿದು ಬರುತ್ತಿದ್ದವನು ಸಮರ್ಥ ಹೆಬ್ಳೇಕರ್. ಬಿಳಿ ಅಂಗಿಯ ಮೇಲೆ ಹಿತ್ತಾಳೆಯ ಬಿಲ್ಲೆ. ಅದರಲ್ಲಿ 'ಅತಿಥಿ ಸಂತೋಷಾಧಿಕಾರಿ' ಎಂದು ಬರೆದಿತ್ತು.

ಊರು ಒಗ್ಗಿಕೊಂಡಿತು. ಮಾವಿನಕಾಯಿ ಕೊಯ್ಯುವ ದೋಟಿಯಿಂದ ಕಾಲರಿಗೆ ಕೊಕ್ಕೆ ಹಾಕಿ ಎಳೆಯುವುದನ್ನು ಹೆಂಗಸರೂ ಕಲಿತೆವು. ಬಂದವರ ವಾರ ಹೇಗೆ ಸಾಗುತ್ತದೆಂದು ನಮಗೆ ಬಾಯಿಪಾಠವಾಯಿತು. ಮೊದಲ ದಿನ, ಬಾರು ಎಲ್ಲಿದೆ, ತಮ್ಮ ಪಟ್ಟಿ ಇಲ್ಲಿ ನಡೆಯುತ್ತದೋ ಇಲ್ಲವೋ ಎಂದು ಜಗಳ. ಎರಡನೆಯ ದಿನ ವಾಂತಿ. ಮೂರನೆಯ ದಿನ ಗಂಜಿ, ಮಿಡಿ ಉಪ್ಪಿನಕಾಯಿ, ಮೌನ. ನಾಲ್ಕನೆಯ ದಿನ ಒಬ್ಬೊಬ್ಬರೇ ಎದ್ದು ಅಂಗಳ ಗುಡಿಸುತ್ತಿದ್ದರು. ಏಳನೆಯ ದಿನ ಕಣ್ಣಲ್ಲಿ ನೀರು ತಂದುಕೊಂಡು, ಇಂಥ ನೆಮ್ಮದಿ ಎಲ್ಲೂ ಕಂಡಿಲ್ಲ, ಇನ್ನು ಮುಟ್ಟುವುದಿಲ್ಲ ಎಂದು ಕೈಮುಗಿದು ಲಾಂಚು ಹತ್ತುತ್ತಿದ್ದರು. ಲಾಂಚು ಹಡಗನ್ನು ಮುಟ್ಟುವಷ್ಟರಲ್ಲಿ ಅವರ ಕೈಗೆ ಗ್ಲಾಸು ಬಂದಿರುತ್ತಿತ್ತು. ದಡದಲ್ಲಿ ನಿಂತ ನಮಗೆ ಅದು ಕಾಣುತ್ತಿತ್ತು.

ಎರಡನೆಯ ವರ್ಷ ಕಂಪನಿ ಹಡಗಿನ ಎಡಬದಿಯ ಅಂಚಿಗಿದ್ದ ಕಟಕಟೆ ತೆಗೆಸಿತು. ಕಡಲು ಚೆನ್ನಾಗಿ ಕಾಣಲೆಂದು, ಎಂದ ಸಮರ್ಥ. ಅವರ ಜಾಹೀರಾತಿನ ಪುಸ್ತಕದಲ್ಲಿ ಹೊಸ ಸಾಲೊಂದು ಸೇರಿತು: 'ನಮ್ಮ ಹಡಗಿನಿಂದ ಬಿದ್ದವರಲ್ಲಿ ಇಂದಿನವರೆಗೆ ಯಾರೂ ಮುಳುಗಿಲ್ಲ.' ಅದು ಸುಳ್ಳಲ್ಲ. ಪ್ರತಿವಾರವೂ ಅದಕ್ಕೆ ನಾನೇ ಸಹಿ ಹಾಕಿದ್ದೆ.

ನಾಲ್ಕನೆಯ ವರ್ಷದ ಒಂದು ಗುರುವಾರ ಅಡಿವೆಪ್ಪ ಹಂಚಿನಾಳ ಬಂದರು. ಐವತ್ತೈದರ ಆಳು, ಬಯಲುಸೀಮೆಯ ಕಡೆ ಹಾಸಿಗೆ ಅಂಗಡಿ ಇಟ್ಟವರು. ತೇಲುತ್ತಲೇ ಗೊರಕೆ ಹೊಡೆಯುತ್ತಿದ್ದರು. ಶೀನ ಅವರಿಗೆ ಕೊಕ್ಕೆ ಹಾಕಿ ಎಳೆದು ತಂದು ಮರಳಿನ ಮೇಲೆ ಮಲಗಿಸಿದ. ಅಷ್ಟರಲ್ಲಿ ದಡದ ಜನರೆಲ್ಲ ಒಟ್ಟಿಗೆ ಎದ್ದು ನಿಂತರು. ನೀರಿನಲ್ಲಿ ಇನ್ನೊಬ್ಬರು ಬರುತ್ತಿದ್ದರು, ತೇಲಿಕೊಂಡಲ್ಲ. ಎರಡೂ ಕೈಗಳನ್ನು ಒಂದಾದ ಮೇಲೊಂದು ಬೀಸುತ್ತ, ನೀರನ್ನು ಹಿಂದಕ್ಕೆ ಒಗೆಯುತ್ತ, ನೇರವಾಗಿ ನಮ್ಮ ಕಡೆಗೇ ಬರುತ್ತಿದ್ದರು. ಇಳಕಲ್ ಸೀರೆಯ ಕಚ್ಚೆ ಕಟ್ಟಿದ ಹೆಂಗಸು. ಅಂಥದ್ದನ್ನು ನಾವು ಹಿಂದೆಂದೂ ನೋಡಿರಲಿಲ್ಲ.

"ಎಂತ ಅದು, ಹೊಡೆದಾಡುದಾ ನೀರಿನ ಹತ್ರ?" ಎಂದ ಶೀನ.

ಆಕೆ ದಡ ಹತ್ತಿ, ಸೆರಗು ಹಿಂಡಿಕೊಂಡು, ಮಲಗಿದ್ದ ಗಂಡನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದರು. ಆಮೇಲೆ ನನ್ನತ್ತ ತಿರುಗಿ, "ಅಕ್ಕಾರ, ಒಂದು ಒಣಾ ಟವೆಲ್ ಸಿಗತೈತೇನ್ರಿ?" ಎಂದರು. ಹೆಸರು ಪಾರವ್ವ. ಗಂಡ ಬಿದ್ದದ್ದನ್ನು ಕಂಡು ತಾವೂ ಹಾರಿದ್ದರು. ನಮ್ಮ ಕಡಲಿನ ಗುಣ ಅವರಿಗೆ ಗೊತ್ತೇ ಇರಲಿಲ್ಲ.

ಇಬ್ಬರನ್ನೂ ನನ್ನ ಮನೆಯಲ್ಲೇ ಇಟ್ಟುಕೊಂಡೆ. ಅಡಿವೆಪ್ಪ ಮೂರನೆಯ ದಿನ ಗಂಜಿಯ ಮುಂದೆ ಕೂತು ಬಾಯಿ ಬಿಟ್ಟರು. "ನಾ ಕುಡುಕ ಅಲ್ರಿ ಅಕ್ಕಾರ. ಊರಾಗ ಹಬ್ಬಕ್ಕೊಮ್ಮಿ ಹುಣ್ಣಿವಿಗೊಮ್ಮಿ ಅಷ್ಟ. ಆದ್ರ ಒಂದ ಖೋಲಿಯೊಳಗ ಇರಾವ್ರು ಇಬ್ರೂ ಪಟ್ಟಿ ತಗೋಬೇಕಂತ ಹಡಗಿನ್ಯಾಗ ಕಾನೂನ್ ಐತಿ. ಇಕಿ ಮುಟ್ಟಂಗಿಲ್ಲ. ಹಂಗಾದ್ರ ಇಕಿ ಪಾಲಿಂದು ಯಾರು ಕುಡೀಬೇಕು? ಬಿಟ್ರ ರೊಕ್ಕ ದಂಡ ಅಲ್ರಿ?"

"ನನ್ನ ಪಾಲಿನ ಕುಬಸದ ಬಟ್ಟಿ ಆಗಿದ್ರ ಅದನ್ನೂ ಹೊಲಿಸಿ ಹಾಕ್ಕೋತಿದ್ರಿಲ್ಲೋ?" ಎಂದರು ಪಾರವ್ವ. ಅಡಿವೆಪ್ಪ ತಲೆ ತಗ್ಗಿಸಿ ಗಂಜಿ ಸುರಿದುಕೊಂಡರು.

ಮನುಷ್ಯ ಒಳ್ಳೆಯವರು. ನಾಲ್ಕನೆಯ ದಿನ ಅಂಗಳ ಗುಡಿಸಲಿಲ್ಲ. ಶೆಡ್ಡಿನಲ್ಲಿದ್ದ ಕಂಪನಿಯ ಹಾಸಿಗೆಗಳನ್ನು ಒತ್ತಿ ನೋಡಿ ಅಸಹ್ಯಪಟ್ಟು, ಎಲ್ಲವನ್ನೂ ಬಿಚ್ಚಿ, ತೆಂಗಿನ ನಾರು ಬಡಿದು ಹದಮಾಡಿ, ಉಳಿದ ಹತ್ತು ಜನ ಅತಿಥಿಗಳನ್ನು ಕೂರಿಸಿಕೊಂಡು ಹೊಸದಾಗಿ ತುಂಬಿಸತೊಡಗಿದರು.

ಪಾರವ್ವ ನನ್ನ ಜೊತೆ ಮೀನು ಒಣಹಾಕುತ್ತಿದ್ದರು. ಅವರು ಮೀನು ತಿನ್ನುವವರಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡೇ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕೇಳಿದರು. "ನಮ್ಮನಿಯವರು ತಾವಾಗೇ ಬಿದ್ರು ಅಂತ ತಿಳ್ದೀರೇನು?"

"ಮತ್ತೆ?"

"ಬಾರಿನಾಗ ಒಬ್ಬಾಂವನ ಕೂಡ ಜಗಳಾ ತಗದಿದ್ರು. ಹಡಗಿನ ಹುಡ್ಗೂರು ಇಬ್ರು ಬಂದ್ರು. ಭಾಳ ಮರ್ಯಾದಿಲೆ, 'ಗಾಳಿಗೆ ಬನ್ನಿ ಸರ್' ಅಂತ ಕೈ ಹಿಡಕೊಂಡು ಎಡಕ್ಕ ಕರಕೊಂಡು ಹೋದ್ರು. ಕಟಕಟಿ ಇಲ್ಲದಲ್ಲಿ ನಿಂದರಿಸಿ, ನಿಮ್ಮ ಊರು ಬಂತೇನು ಅಂತ ನೋಡಿ, ಬಿಟ್ಟು ಹೋದ್ರು. ದೂಡಲಿಲ್ರಿ. ದೂಡೂ ಕೆಲಸಾ ಹೊಟ್ಟಿಯೊಳಗಿನ ಎಣ್ಣಿ ಮಾಡ್ತು."

ನಾನು ಮೀನು ಮಗುಚುತ್ತಲೇ ಇದ್ದೆ. ಜಗಳಗಂಟರನ್ನು ಕಾಯಲು ಜನ ಬೇಕು, ಮದ್ದು ಬೇಕು, ಕೋಣೆ ಬೇಕು. ಕಂಪನಿಗೆ ನಮ್ಮೂರು ಅದೆಲ್ಲಕ್ಕಿಂತ ಸೋವಿ. ಇದು ನನಗೆ ಆ ದಿನವೇ ಮೊದಲ ಸಲ ಹೊಳೆದದ್ದು ಎಂದರೆ ಸುಳ್ಳಾಗುತ್ತದೆ.

"ಬಿದ್ದವರಿಗೆ ನಾವೇನು ಕಮ್ಮಿ ಮಾಡಿದ್ದೇವಾ?" ಎಂದೆ.

"ಇಲ್ರೀ. ನೀವು ಹಿಡೀತೀರಂತ ಅವರು ಕೆಡವ್ತಾರ. ಅವರು ಅಕ್ಕಿ ಕೊಡ್ತಾರಂತ ನೀವು ಹಿಡೀತೀರಿ. ನಾ ಸುಮ್ನ ಕೇಳಿದ್ನಿ."

ನನ್ನ ಮನೆಯ ಮಾಡಿಗೂ ಕಂಪನಿಯ ಶೀಟೇ ಹೊದೆಸಿದ್ದು.

ಮುಂದಿನ ಗುರುವಾರ ಎಲ್ಲರೂ ದಡದಲ್ಲಿ ಕಾದು ನಿಂತೆವು. ಹನ್ನೊಂದು ಅತಿಥಿಗಳು, ಪಾರವ್ವನವರನ್ನು ಸೇರಿಸಿದರೆ ಹನ್ನೆರಡು. ಲಾಂಚು ಬಂತು, ಹಡಗು ಮಾತ್ರ ಈಚೆ ಬರಲಿಲ್ಲ. ಕರಿಬಂಡೆಯ ಆಚೆ, ಬಹಳ ದೂರದಲ್ಲಿ, ಬೆಳ್ಳಗೆ ಸೋಪಿನ ಬಿಲ್ಲೆಯ ಹಾಗೆ ಕಾಣಿಸಿತು. ಗಾಳಿಯಲ್ಲಿ ಹಾಡು ಕೇಳಿಸುತ್ತಿತ್ತು.

"ರೂಟ್ ಸ್ವಲ್ಪ ಬದಲಾಗಿದೆ ಮೇಡಂ. ಇವತ್ತಿನಿಂದ ಹೊರಗಿಂದಲೇ ಹೋಗುತ್ತೇವೆ. ಡೀಸೆಲ್ ಉಳಿಯುತ್ತೆ," ಎಂದ ಸಮರ್ಥ, ಕಾಗದ ಬಿಡಿಸುತ್ತ. "ಬನ್ನಿ, ಸೈನ್ ಮಾಡಿಬಿಡಿ."

"ಕಟಕಟೆ ಹಾಕಿಸಿದ್ರಾ?" ಎಂದು ಕೇಳಿದೆ.

"ಅದು ಮುಂದಿನ ವರ್ಷದ ರಿಪೇರಿಯಲ್ಲಿ ಬರುತ್ತೆ."

"ಮತ್ತೆ ಇವತ್ತು ಬಿದ್ದವರು?"

"ಬೋರ್ಡ್ ಹಾಕಿದ್ದೇವೆ ಮೇಡಂ. ಎರಡು ಭಾಷೆಯಲ್ಲಿ."

ಅವನ ಮಾತು ಮುಗಿಯುವ ಮೊದಲೇ ಶೀನ ಕೈಚಾಚಿ ತೋರಿಸಿದ. ಬಿಳಿಯ ಬದಿಯಿಂದ ಒಂದು ಚುಕ್ಕೆ ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಮೂರನೆಯದು, ಅದು ಬೀಳಲಿಲ್ಲ, ಎರಡೂ ಕೈ ಅಗಲಿಸಿ ಕುಣಿಯುತ್ತ ಹಾರಿತು. ಜಾಹೀರಾತನ್ನು ಓದಿದವರಿರಬೇಕು.

ದಡದಲ್ಲಿ ಯಾರೂ ಅಲುಗಲಿಲ್ಲ. ನಾಲ್ಕು ವರ್ಷ ಸಾವಿರಕ್ಕೂ ಹೆಚ್ಚು ಜನರನ್ನು ಎಳೆದುಹಾಕಿದ ನಾವು ದೋಟಿ ಹಿಡಿದು ಸುಮ್ಮನೆ ನಿಂತಿದ್ದೆವು. ಬಂಡೆಯಾಚೆ ಹೋಗುವುದೆಂದರೆ ಏನೆಂದು ನಮ್ಮ ಕಾಲುಗಳಿಗೆ ಗೊತ್ತಿರಲಿಲ್ಲ. ಪಾರವ್ವ ಅಷ್ಟರಲ್ಲಿ ಲಾಂಚು ಹತ್ತಿ ಚಾಲಕನ ಹೆಗಲ ಮೇಲೆ ಕೈಯಿಟ್ಟಿದ್ದರು. "ನಡೀಪಾ ತಮ್ಮಾ, ತಿರುಗಿಸು." ಅಡಿವೆಪ್ಪ ಹಗ್ಗದ ಸುರುಳಿಯೊಂದನ್ನು ಎತ್ತಿಕೊಂಡು ಹತ್ತಿದರು. ಸಮರ್ಥ, ಇದಕ್ಕೆ ಅನುಮತಿ ಬೇಕು ಎಂದು ಫೋನು ತೆಗೆದ. ಶೀನ ಅವನ ತೋಳು ಹಿಡಿದು, "ಬನ್ನಿ ಸಾರ್, ನಿಮ್ಮದೇ ಅತಿಥಿಗಳಲ್ವಾ," ಎಂದು ಒಳಗೆ ಕೂರಿಸಿ ತಾನೂ ಹತ್ತಿದ. ನಾನು ಯಾಕೆ ಹತ್ತಿದೆನೋ ಹೇಳಲಾರೆ. ಹತ್ತಿದ ಮೇಲೆ ದೋಟಿ ಇನ್ನೂ ಕೈಯಲ್ಲಿದ್ದದ್ದು ಕಂಡಿತು.

ಕರಿಬಂಡೆ ನಮ್ಮ ಬಲಕ್ಕೆ ಸರಿದು ಹಿಂದಾಯಿತು. ನೀರಿನ ಬಣ್ಣವೇನೂ ಬದಲಾಗಲಿಲ್ಲ. ಮೊದಲನೆಯವನು ಕಂಡಾಗ ಅವನ ಮೂಗು ಬಾಯಿ ಮಾತ್ರ ಹೊರಗಿತ್ತು. ಪಾರವ್ವ ಹಾರಿ, ಅವನ ಹಿಂದಲೆಯ ಕೂದಲು ಹಿಡಿದು ತಂದರು. ಎರಡನೆಯವನ ಕಾಲರಿಗೆ ಶೀನನ ಕೊಕ್ಕೆ ಸಿಕ್ಕಿತು; ಅಡಿವೆಪ್ಪ ಹಗ್ಗ ಸುತ್ತಿ ಎಳೆದರು. ಮೂರನೆಯವರು ಹೆಂಗಸು. ತಲೆಯ ಮೇಲೆ ಹುಟ್ಟುಹಬ್ಬದ ಕಾಗದದ ಕಿರೀಟವಿತ್ತು. ನಮ್ಮನ್ನು ನೋಡಿ ಆಕೆ ನಗುತ್ತಿದ್ದರು. ಕೈಕಾಲು ಆಡಿಸುವ ಪ್ರಯತ್ನವನ್ನೂ ಮಾಡಲಿಲ್ಲ. ಕಡಲೇ ಎತ್ತಿಕೊಳ್ಳುತ್ತದೆಂದು ನಂಬಿ ಕಾಯುತ್ತಿದ್ದರು. ನಾನು ಬಗ್ಗಿ ದೋಟಿ ಚಾಚಿದೆ. ಅಲೆಯೊಂದು ಅಡ್ಡ ಬಂತು, ಲಾಂಚು ವಾಲಿತು, ಸೊಂಟದವರೆಗೆ ನಾನು ನೀರಿನಲ್ಲಿದ್ದೆ. ನೀರು ಕೆಳಕ್ಕೆ ಎಳೆಯಬಲ್ಲದು ಎಂಬುದು ನಲವತ್ತಾರು ವರ್ಷಗಳಲ್ಲಿ ಮೊದಲ ಬಾರಿ ನನ್ನ ಮೈಗೆ ತಿಳಿಯಿತು. ಅಡಿವೆಪ್ಪ ನನ್ನ ಸೀರೆ ಹಿಡಿದು ಒಳಗೆಳೆದುಕೊಂಡಾಗ ದೋಟಿಯ ತುದಿಯಲ್ಲಿ ಕಿರೀಟ ಮಾತ್ರ ಇತ್ತು.

ಪಾರವ್ವ ಮೂರು ಸಲ ಮುಳುಗಿ ಎದ್ದರು. ಮೂರನೆಯ ಸಲ ಮೇಲೆ ಬಂದು ಲಾಂಚಿನ ಅಂಚು ಹಿಡಿದುಕೊಂಡರು, ಮತ್ತೆ ಮುಳುಗಲಿಲ್ಲ. ಹಡಗು ಹಾಡುತ್ತಲೇ ದೂರವಾಗುತ್ತಿತ್ತು. ಮೊದಲು ಸಿಕ್ಕವನು ಒಂದು ಕೊಡದಷ್ಟು ನೀರು ಕಕ್ಕಿ, ಸಮರ್ಥನ ಬಿಲ್ಲೆಯನ್ನು ಹತ್ತಿರದಿಂದ ಓದಿ, "ಬಾರು ಆರಕ್ಕೆ ಮುಚ್ಚುದಾ, ಏಳಕ್ಕಾ?" ಎಂದು ಕೇಳಿದ. ಸಮರ್ಥ ಫೋನಿನಲ್ಲಿ ಹೇಳುತ್ತಿದ್ದ, "ಎರಡು ಸಿಕ್ಕಿದೆ ಸರ್. ಹೌದು ಸರ್. ಒಂದು ಪೆಂಡಿಂಗ್."

ಆ ದಿನ ಅವನು ಕಾಗದ ಮಡಚಿಕೊಂಡು ಶೆಡ್ಡಿನಲ್ಲೇ ಉಳಿದ. ಕಂಪನಿ ಹಾಗೆ ಹೇಳಿತ್ತು. ಅತಿಥಿಗಳಲ್ಲಿ ಲಾಂಚು ಹತ್ತಲು ಯಾರಿಗೂ ಮನಸ್ಸಿರಲಿಲ್ಲ.

ಶನಿವಾರ ಬೆಳಿಗ್ಗೆ ಆ ಕಿರೀಟದ ಹೆಂಗಸು ಬಂದರು. ಯಾವ ಸೆಳೆತವೋ ಬಂಡೆಯ ಈಚೆಗೆ ತಂದು ಹಾಕಿರಬೇಕು. ಅಲ್ಲಿಂದ ನಮ್ಮ ಕಡಲು ಎಂದಿನಂತೆ ಎತ್ತಿಕೊಂಡಿತ್ತು. ಅಂಗಾತ ಮಲಗಿ, ಮುಖ ಆಕಾಶಕ್ಕೆ ಮಾಡಿ, ಚಿನ್ನದ ಪಟ್ಟಿಯ ಕೈಯನ್ನು ಪಕ್ಕಕ್ಕಿಟ್ಟುಕೊಂಡು, ಎಲ್ಲ ಗುರುವಾರದವರ ಹಾಗೆಯೇ ನಿಧಾನವಾಗಿ ದಡಕ್ಕೆ ತಾಗಿದರು. ಪಾರವ್ವ ಒಣಾ ಟವೆಲ್ಲಿನಿಂದ ಆಕೆಯ ಮುಖ ಒರೆಸಿ, ತೆರೆದೇ ಇದ್ದ ಕಣ್ಣುಗಳನ್ನು ಮುಚ್ಚಿಸಿದರು. ಕೈಯ ಪಟ್ಟಿಯಲ್ಲಿ ಹೆಸರಿರಲಿಲ್ಲ, ಒಂದು ಸಂಖ್ಯೆ ಇತ್ತು. ಹೆಸರೇನೆಂದು ಕೇಳಿದರೆ, ಅತಿಥಿಗಳ ಖಾಸಗಿ ವಿವರ ಕೊಡುವಂತಿಲ್ಲ ಎಂದ ಸಮರ್ಥ.

ಆಮೇಲೆ ನನ್ನನ್ನು ಸ್ವಲ್ಪ ಆಚೆಗೆ ಕರೆದ. ಹೊಸ ಕಾಗದವೊಂದರಲ್ಲಿ ಮೂರು ಎಂದು ಮೊದಲೇ ಬರೆದಿಟ್ಟಿದ್ದ. "ನೋಡಿ ಮೇಡಂ, ಮೂರೂ ಜನ ಬಂದಾಯಿತಲ್ಲ. ದಡ ತಲುಪಿದ್ದಾರೆ ಅನ್ನುವುದು ಸತ್ಯ. ನಾವು ಸುಳ್ಳೇನೂ ಬರೆಯುತ್ತಿಲ್ಲ." ಪೆನ್ನನ್ನು ತಲೆಕೆಳಗಾಗಿ ಹಿಡಿದು ಚಾಚಿದ್ದ, ಅಷ್ಟನ್ನು ನಾನು ಹೇಳಲೇಬೇಕು. ಅವನಿಗೂ ಮನೆಮಠ ಇದ್ದಿರಬೇಕು. "ಅಕ್ಕಿ ಎರಡು ಪಟ್ಟು ಮಾಡಿಸುತ್ತೇನೆ," ಎಂದ.

ಸುತ್ತ ಊರಿನವರು ನಿಂತಿದ್ದರು. ಯಾರೂ ನನ್ನ ಮುಖ ನೋಡಲಿಲ್ಲ. ಎಲ್ಲರೂ ಪೆನ್ನು ನೋಡುತ್ತಿದ್ದರು. ಶೀನ ಮೆಲ್ಲಗೆ, "ಅತ್ತಿಗೆ, ಸತ್ತವರು ಎದ್ದು ಬರುದಿಲ್ಲ. ಯೋಚನೆ ಮಾಡಿ," ಎಂದ. ಯೋಚನೆ ಮಾಡಿದೆ. ಮಾಡಿಗೆ ಹೊದೆಸಿದ ಶೀಟಿನ ಬಗ್ಗೆಯೂ ಮಾಡಿದೆ. ಮೂರು ಎಂಬುದನ್ನು ಹೊಡೆದುಹಾಕಿ ಕೆಳಗೆ ಬರೆದೆ: 'ಇಬ್ಬರನ್ನು ಬಂಡೆಯಾಚೆ ಹೋಗಿ ತಂದೆವು. ಒಬ್ಬರು ಗುರುವಾರ ಅಲ್ಲಿ ಮುಳುಗಿ ಶನಿವಾರ ಬಂದರು. ಹಡಗಿಗೆ ಕಟಕಟೆ ಇಲ್ಲ. ಹಡಗು ನಿಲ್ಲಲಿಲ್ಲ.' ಸಹಿ ಹಾಕಿದೆ. ಕಾಗದವನ್ನು ಸಮರ್ಥನಿಗೆ ಕೊಡಲಿಲ್ಲ. ಪಾರವ್ವ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಸೋಮವಾರ ನಾವಿಬ್ಬರೂ ಬಸ್ಸು ಹಿಡಿದು ಪಟ್ಟಣದ ಪೊಲೀಸ್ ಠಾಣೆಗೆ ಹೋಗಿ ಕೊಟ್ಟು ಬಂದೆವು. ದೇಹವನ್ನು ಅವರೇ ಬಂದು ಒಯ್ದರು.

ಹತ್ತು ದಿನ ಕಳೆದ ಮೇಲೆ, ಪೊಲೀಸರಿಂದ ತಿಳಿದು, ಆ ಹೆಂಗಸಿನ ಮಗಳು ಬಂದಳು. ಅಮ್ಮನ ಹೆಸರು ಇಂದುಮತಿ, ಅರವತ್ತು ತುಂಬಿದ ಹುಟ್ಟುಹಬ್ಬಕ್ಕೆಂದು ಪ್ರವಾಸ. "ಅಮ್ಮ ಕುಡಿಯುವವಳೇ ಅಲ್ಲ," ಎಂದಳು. "ಒಂದೇ ರೂಮಲ್ಲಿದ್ವಿ ನೋಡಿ, ಇಬ್ಬರೂ ಪಟ್ಟಿ ತೆಗೆದುಕೊಳ್ಳಲೇಬೇಕಿತ್ತು. ದುಡ್ಡು ಸುಮ್ಮನೆ ಹಾಳಾಗುತ್ತೆ, ಸ್ವಲ್ಪ ಜೂಸಿನ ಹಾಗಿರೋದಾದರೂ ಕುಡಿ ಅಂತ ನಾನೇ ಹೇಳಿದ್ದು." ಅಡಿವೆಪ್ಪ ಅಲ್ಲೇ ನಾರು ಬಡಿಯುತ್ತಿದ್ದರು. ಎದ್ದು ಹಿತ್ತಿಲ ಕಡೆ ಹೋದರು, ಊಟಕ್ಕೆ ಕರೆಯುವವರೆಗೂ ಬರಲಿಲ್ಲ.

ವಿಚಾರಣೆ ನಡೆಯಿತು. ಆ ಹಡಗಿಗೆ ಕಟಕಟೆ ಬಂತು, ಎದೆಮಟ್ಟದ್ದು. ಕುಡಿತದ ಪಟ್ಟಿಯೂ ಉಳಿಯಿತು, ಬಣ್ಣ ಮಾತ್ರ ಬೆಳ್ಳಿಯದಾಯಿತು. ಮಿತಿಯಿಲ್ಲದ್ದು ಎನ್ನುವ ಬದಲು 'ಮನಸ್ಸಿಗೆ ಬಂದಷ್ಟು' ಎಂದು ಬರೆದರು. ಸಮರ್ಥನನ್ನು ಬೇರೆ ಹಡಗಿಗೆ ಹಾಕಿದರಂತೆ, ಮೇಲಿನ ಹುದ್ದೆಗೆ. ನಮ್ಮ ಅಕ್ಕಿ ನಿಂತಿತು. ಮೀನು ಮಾರುಕಟ್ಟೆಯಲ್ಲಿ, ನನ್ನ ಕಿವಿಗೆ ಬೀಳುವಂತೆಯೇ, "ಒಬ್ಬಳ ಸಹಿಗೆ ಊರಿಡೀ ಉಪವಾಸ" ಎಂದವರುಂಟು. ಉಪವಾಸವೇನೂ ಬೀಳಲಿಲ್ಲ. ಹಡಗು ಬರುವ ಮೊದಲು ಏನು ತಿನ್ನುತ್ತಿದ್ದೆವೋ ಅದನ್ನೇ ತಿಂದೆವು. ಆದರೂ ಎರಡು ವಾರ ಕೆಲವರು ನನ್ನ ಮನೆಯ ಮುಂದೆ ಹಾದುಹೋಗುವಾಗ ಕಡಲನ್ನು ನೋಡುತ್ತಿದ್ದರು.

ಹಡಗು ಈಗಲೂ ಗುರುವಾರ ಬಂಡೆಯಾಚೆಯಿಂದ ಹೋಗುತ್ತದೆ. ಕಟಕಟೆ ಇದ್ದರೂ ಅದನ್ನು ಹತ್ತುವವರು ಇರುತ್ತಾರೆ. ಹಾಗಾಗಿ ಆ ಹೊತ್ತಿಗೆ ಶೀನ, ಇನ್ನಿಬ್ಬರು ದೋಣಿ ತೆಗೆದುಕೊಂಡು ಬಂಡೆಯ ಆಚೆಗೇ ಹೋಗಿ ಮೀನು ಹಿಡಿಯುತ್ತಾರೆ. ಮೀನು ಅಲ್ಲಿ ದೊಡ್ಡದು ಎಂದು ಅವರ ಸಬೂಬು.

ಪಾರವ್ವ ಊರಿಗೆ ಹೊರಡುವ ಮೊದಲು ಒಂದು ತಿಂಗಳು ನಮ್ಮಲ್ಲೇ ಉಳಿದು ಈಜು ಕಲಿಸಿದರು. ಅವರು ಸಣ್ಣವರಿದ್ದಾಗ ತೋಟದ ಬಾವಿಯಲ್ಲಿ ಕಲಿತದ್ದು. ಕಡಲಿನಲ್ಲಿ ಕಲಿಸಲು ನೋಡಿ ಸೋತರು. ಮುಳುಗದವರಿಗೆ ಈಜು ಕಲಿಸುವುದು ಹೇಗೆ? ಕೊನೆಗೆ ಗುಡ್ಡದ ಹಿಂದಿನ ಕೆರೆಗೆ ಕರೆದುಕೊಂಡು ಹೋದರು. ಮೊದಲ ವಾರ ನಾನೊಬ್ಬಳೇ. ಎರಡನೆಯ ವಾರ ಶೀನ ಬಂದ, ಆಮೇಲೆ ಮಾರುಕಟ್ಟೆಯಲ್ಲಿ ನನ್ನನ್ನು ಆಡಿಕೊಂಡವರೂ ಸೀರೆ ಎತ್ತಿ ಕಟ್ಟಿಕೊಂಡು ಬಂದು ಮೆಟ್ಟಿಲ ಮೇಲೆ ಕೂತರು.

ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಹನ್ನೆರಡು ದಿನ ಕೈಕಾಲು ಬಡಿದೆ. ಹದಿಮೂರನೆಯ ದಿನ ಪಾರವ್ವ ಹಿಂದಿನಿಂದ ಬಂದು, ಹೇಳದೆ ಕೇಳದೆ, ಬುರುಡೆಯ ಗಂಟು ಬಿಚ್ಚಿದರು. ನಾನು ಕೆಳಗೆ ಹೋದೆ. ಕಿವಿಯಲ್ಲಿ ಗುಂಯ್ ಎಂದಿತು, ಮೂಗಿಗೆ ನೀರು ಹೊಕ್ಕಿತು, ಕಣ್ಣು ಬಿಟ್ಟರೆ ಎಲ್ಲ ಹಸುರು. ಕಾಲಿಗೆ ಕೆಸರು ತಾಗಿತು. ಹೆದರಿಕೆಯಿಂದ ಒದ್ದೆ, ಕೈ ಬೀಸಿದೆ, ಮತ್ತೆ ಒದ್ದೆ. ಎಲ್ಲಿಂದಲೋ ಬೆಳಕು ಹತ್ತಿರ ಬಂದು ತಲೆ ಹೊರಗೆ ಬಂತು. ಕೆಮ್ಮುತ್ತ ಮೆಟ್ಟಿಲು ಹಿಡಿದೆ.

"ಭೇಷಾತು," ಎಂದರು ಪಾರವ್ವ. "ಮೆಟ್ಲ ಬಿಡ್ರಿ. ಇನ್ನೊಮ್ಮಿ."

ಮೆಟ್ಟಿಲು ಬಿಟ್ಟೆ.